ಗ್ರಾಫಿಕ್ಸ್ ಜಿಜ್ಞಾಸು

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಊಟದ ಮೇಜುಗಳಲ್ಲಿಯೂ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಕಂಪ್ಯೂಟರ್ ಅಂಗಡಿಗಳ ಗಲ್ಲೆಯ ಮುಂದೆಯೂ ಕಾಣಸಿಗುವ ಒಂದು ಮನುಷ್ಯವರ್ಗವನ್ನು, ಬೇರೆ ಹೆಸರಿಲ್ಲದ ಕಾರಣ, ಗ್ರಾಫಿಕ್ಸ್ ಜಿಜ್ಞಾಸು ಎಂದು ಕರೆಯಬಹುದು. ಆಟದ ದೃಶ್ಯಗಳನ್ನು ಕ್ಷಣಕ್ಷಣವೂ ಹೊಸದಾಗಿ ಬರೆದು ಪರದೆಗೆ ರವಾನಿಸುವ ಕಂಪ್ಯೂಟರಿನ ಫಲಕಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂದು ಹೆಸರು. ಎನ್‌ವಿಡಿಯಾ ಮತ್ತು ಎಎಂಡಿ ಎಂಬ ಎರಡು ಕಂಪನಿಗಳ ಕಾರ್ಡುಗಳಲ್ಲಿ ಯಾವುದು ಮೇಲು ಎಂಬ ವಿಚಾರದಲ್ಲಿ ಈ ಜಿಜ್ಞಾಸು ತನ್ನ ಯೌವನವನ್ನು ಸವೆಸುತ್ತಾನೆ. ಮೂವತ್ತೈದರ ಆಸುಪಾಸಿನ ವಯಸ್ಸು, ಎರಡೂ ಕಾರ್ಡುಗಳನ್ನು ಒಟ್ಟಿಗೆ ಕೊಳ್ಳಲು ಸಾಲುವಷ್ಟು ಸಂಬಳ, ಒಂದರಲ್ಲಿಯೂ ಆಡಲು ಸಾಲದಷ್ಟು ಬಿಡುವು, ಇವು ಅವನ ಮುಖ್ಯ ಲಕ್ಷಣಗಳು.

ಅವನ ವ್ಯಾಸಂಗದ ವಿಷಯವನ್ನು ತಿಳಿಯದೆ ಅವನನ್ನು ತಿಳಿಯುವುದು ಕಷ್ಟ. ಮಾನಿಟರ್ ತನ್ನ ಚಿತ್ರವನ್ನು ಸೆಕೆಂಡಿಗೆ ಇಂತಿಷ್ಟು ಸಲ ಎಂದು ಗೊತ್ತುಪಡಿಸಿದ ಗತಿಯಲ್ಲಿ ಬದಲಿಸುತ್ತದೆ. ಈ ಗತಿಗೆ ರಿಫ್ರೆಶ್ ರೇಟ್ ಎಂದೂ ಅದರ ಅಳತೆಗೆ ಹರ್ಟ್ಸ್ ಎಂದೂ ಹೆಸರು. 60 ಹರ್ಟ್ಸಿನ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ, 144 ಹರ್ಟ್ಸಿನದು ಸುಮಾರು 6.9 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ಕಾರ್ಡಿಗೆ ಇಂಥ ಶಿಸ್ತಿಲ್ಲ. ಬೋಳು ಗೋಡೆಯೊಂದನ್ನು ಕ್ಷಣದಲ್ಲಿ ಬರೆದು ಮುಗಿಸುವ ಅದು ಹೊಗೆ, ನೀರು, ಸ್ಫೋಟಗಳು ಎದುರಾದೊಡನೆ ತಡಮಾಡುತ್ತದೆ. ಪರದೆ ಒಂದು ಚಿತ್ರವನ್ನು ಅರ್ಧ ತೋರಿಸಿರುವಾಗಲೇ ಇನ್ನೊಂದು ಬಂದುಬಿಟ್ಟರೆ ಮೇಲರ್ಧ ಹಳೆಯದಾಗಿ, ಕೆಳಗರ್ಧ ಹೊಸದಾಗಿ ನಡುವೆ ಸೀಳು ಕಾಣುತ್ತದೆ. ಟೇರಿಂಗ್ ಎಂಬ ಈ ದೋಷವನ್ನು ತಡೆಯಲು ಕಾರ್ಡನ್ನೇ ಪರದೆಗಾಗಿ ಕಾಯಿಸುವ ಹಳೆಯ ಉಪಾಯದಲ್ಲಿ, ಎಂದರೆ ವಿ-ಸಿಂಕಿನಲ್ಲಿ, ಸೀಳೇನೋ ಮಾಯವಾಗುತ್ತದೆ, ಆದರೆ ಆಟ ಮುಗ್ಗರಿಸುತ್ತದೆ. ಅಡಾಪ್ಟಿವ್ ಸಿಂಕ್ ಈ ಸಂಬಂಧವನ್ನು ತಿರುವುಮುರುವು ಮಾಡಿತು: ಗಾಯಕರ ಲಯವನ್ನು ನೋಡಿಕೊಂಡು ನುಡಿಸುವ ಮೃದಂಗದವರಂತೆ ಇಲ್ಲಿ ಪರದೆಯೇ ಕಾರ್ಡಿಗಾಗಿ ಕಾಯುತ್ತದೆ. ಪ್ರಿಂಟರಿಗೆ ಇಂಕು ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದ ಸಹೋದ್ಯೋಗಿಗೆ ಜಿಜ್ಞಾಸು ಇದೆಲ್ಲವನ್ನೂ, ಕೈಯಲ್ಲಿನ ಕಾಫಿ ಆರಿ ಕೆನೆಗಟ್ಟುವವರೆಗೆ, ವಿವರಿಸಬಲ್ಲನು.

ಅವನ ಸುವರ್ಣಯುಗ 2013ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಅಡಾಪ್ಟಿವ್ ಸಿಂಕಿನ ತನ್ನದೇ ರೂಪವಾದ ಜಿ-ಸಿಂಕನ್ನು ಪ್ರಕಟಿಸಿದಾಗ ಆರಂಭವಾಯಿತು. ಅದಕ್ಕೆ ಮಾನಿಟರಿನೊಳಗೆ ಆ ಕಂಪನಿಯದೇ ಮಾಡ್ಯೂಲ್ ಕೂರಿಸಬೇಕಾಗಿದ್ದುದರಿಂದ ಬೆಲೆ ಏರಿತು. ಮರುವರ್ಷ ವೆಸಾ ಎಂಬ, ಪರದೆಗಳ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಇದೇ ಸೌಲಭ್ಯವನ್ನು ಡಿಸ್‌ಪ್ಲೇಪೋರ್ಟ್ 1.2ಎ ಮಾನದಂಡಕ್ಕೆ ಸೇರಿಸಿತು. ಅದನ್ನಾಧರಿಸಿ ಎಎಂಡಿ ರೂಪಿಸಿದ, ಪರವಾನಗಿ ಶುಲ್ಕವಿಲ್ಲದ ಫ್ರೀಸಿಂಕ್ ಮಾನಿಟರುಗಳು 2015ರಲ್ಲಿ ಅಂಗಡಿಗೆ ಬಂದವು. ಒಬ್ಬರ ಕಾರ್ಡು ಇನ್ನೊಬ್ಬರ ಮಾನಿಟರಿನ ಲಯಕ್ಕೆ ಕೂಡುತ್ತಿರಲಿಲ್ಲ. ಕಾರ್ಡಿಗಿಂತ ಮಾನಿಟರ್ ಹೆಚ್ಚು ಕಾಲ ಬಾಳುವುದರಿಂದ, ಇಂದು ಪರದೆಯನ್ನು ಆರಿಸಿದವನು ಮುಂದಿನ ಕಾರ್ಡನ್ನೂ ಇಂದೇ ಆರಿಸಿದಂತಾಗುತ್ತಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಆ ವರ್ಷಗಳಲ್ಲಿ ಅವನ ಹಿಂಜರಿಕೆಗೆ ಆಧಾರವಿತ್ತು. ಅವನು ಒಂದು ಎಕ್ಸೆಲ್ ಹಾಳೆಯನ್ನು ತೆರೆದದ್ದು ಆಗಲೇ. ಅದು ಇನ್ನೂ ಮುಚ್ಚಿಲ್ಲ.

2019ರ ಜನವರಿಯಲ್ಲಿ ಅವನಿಗೆ ಎರಡು ಆಘಾತಗಳು ಒಟ್ಟಿಗೆ ಬಂದವು. 32 ಇಂಚಿನವರೆಗಿನ ಮಾನಿಟರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು; ಅದೇ ತಿಂಗಳು ಎನ್‌ವಿಡಿಯಾ ತನ್ನ ಜಿಟಿಎಕ್ಸ್ 10 ಸರಣಿ ಮತ್ತು ಅದರ ನಂತರದ ಕಾರ್ಡುಗಳು ವೆಸಾ ಮಾನದಂಡದ ಮಾನಿಟರುಗಳೊಂದಿಗೂ ಹೊಂದಿಕೊಳ್ಳುವಂತೆ ಮಾಡಿತು. ಬೆಲೆಯ ನೆಪ ಒಂದೆಡೆ, ಹೊಂದಾಣಿಕೆಯ ನೆಪ ಇನ್ನೊಂದೆಡೆ ಕಳಚಿಬಿದ್ದಾಗ ಸಾಮಾನ್ಯರು ಅಂಗಡಿಗೆ ಹೊರಟರು. ಜಿಜ್ಞಾಸುವಾದರೋ, ಪರೀಕ್ಷಿಸಿದ 400 ಮಾನಿಟರುಗಳಲ್ಲಿ 12 ಮಾತ್ರ ತೇರ್ಗಡೆಯಾದವು ಎಂದು ಕಂಪನಿ ಹೇಳಿದ್ದನ್ನು ಹಿಡಿದುಕೊಂಡು, ಉಳಿದ 388 ನಪಾಸಾದದ್ದೇಕೆ ಎಂಬ ಅಧ್ಯಯನಕ್ಕೆ ಕುಳಿತನು. ಪಾಸಾದ ಹನ್ನೆರಡರಲ್ಲಿ ಒಂದನ್ನು ಕೊಳ್ಳಬಹುದೆಂಬ ವಿಚಾರ ಆ ಅಧ್ಯಯನದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಮುಂದೆ ಕಾರಣಗಳಿಗೆ ಬರವಾಗಲಿಲ್ಲ. 2021ರಲ್ಲಿ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಕ್ರಿಪ್ಟೊ ನಾಣ್ಯ ಗಳಿಸುವ ಗಣಿಗಾರರು ಅವನ್ನು ಬಾಚಿಕೊಂಡು ಬೆಲೆ ಗಗನಕ್ಕೇರಿದ್ದರಿಂದ ಕೊಳ್ಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಅಂಥ ನಾಣ್ಯ ಗಣಿಗಾರಿಕೆಯ ಪದ್ಧತಿಯನ್ನು ಕೈಬಿಟ್ಟು ಹಳೆಯ ಕಾರ್ಡುಗಳು ಅಗ್ಗವಾದಾಗ, ಅವು ಗಣಿಯಲ್ಲಿ ಹಗಲಿರುಳು ಬೆಂದವು ಎಂದು ಕೊಳ್ಳಲಿಲ್ಲ. ಎಂಟು ಜಿಬಿ ಮೆಮೊರಿ ಸಾಲದು, ಹದಿನಾರು ದುಬಾರಿ. ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ನೆರಳು-ಪ್ರತಿಬಿಂಬಗಳನ್ನು ಮೂಡಿಸುವ ರೇ ಟ್ರೇಸಿಂಗ್ ಬೇಕಾದರೆ ಎನ್‌ವಿಡಿಯಾ, ಕೊಟ್ಟ ಹಣಕ್ಕೆ ಹೆಚ್ಚು ಮೆಮೊರಿ ಬೇಕಾದರೆ ಎಎಂಡಿ ಎಂದು ಸ್ನೇಹಿತರಿಗೆ ಅವನು ಕೊಡುವ ಸಲಹೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅದನ್ನು ಕೇಳಿ ಕೊಂಡವರು ಸುಖವಾಗಿ ಆಡುತ್ತಿದ್ದಾರೆ. “ತಗೋತೀರಾ ಸರ್, ಇಲ್ಲ ಈ ಸಲವೂ ನೋಡ್ಕೊಂಡು ಹೋಗ್ತೀರಾ?” ಎಂದು ಕೇಳುವ ಅಂಗಡಿಯವರು ಅವನು ಕರೆತರುವ ಗಿರಾಕಿಗಳ ದೆಸೆಯಿಂದಲೇ ಅವನಿಗೆ ಸ್ಟೂಲು ಹಾಕುತ್ತಾರೆ. ಮನೆಯಲ್ಲಿ ತಾಯಿ ಮಾತ್ರ, “ಎರಡರಲ್ಲಿ ಯಾವ್ದಾದ್ರೂ ಒಂದು ತಂದುಬಿಡೋ, ನಿನ್ ಮದುವೇನೇ ಇದಕ್ಕಿಂತ ಬೇಗ ಗೊತ್ತಾಯ್ತು” ಎನ್ನುತ್ತಾರೆ.

ಈ ವರ್ಗದವರು ಎಂದೂ ಕೊಳ್ಳುವುದೇ ಇಲ್ಲ ಎಂದರೆ ತಪ್ಪಾದೀತು. ಯಾವುದೋ ದೀಪಾವಳಿಯ ರಿಯಾಯಿತಿಯಲ್ಲಿ, ಗಡುವು ಮುಗಿಯುವ ಗಳಿಗೆಯಲ್ಲಿ ಮನಸ್ಸು ಸಡಿಲಗೊಂಡು, 144 ಹರ್ಟ್ಸಿನ ಮಾನಿಟರೊಂದು ಮನೆಗೆ ಬರುವುದುಂಟು. ಆಮೇಲೆ ಜಿಜ್ಞಾಸು ಆ ಪರದೆಯ ನಯವನ್ನು ಬಂದವರಿಗೆಲ್ಲ ತೋರಿಸಿ, 60 ಹರ್ಟ್ಸಿಗೆ ತನ್ನ ಕಣ್ಣು ಇನ್ನೆಂದೂ ಒಗ್ಗದು ಎಂದು ಸಾರುತ್ತಾನೆ. ಬೇಸಿಗೆ ರಜೆಗೆ ಬಂದ ಅಕ್ಕನ ಮಗ ಸೆಟ್ಟಿಂಗ್ ತೆರೆದು ನೋಡಿ, “ಮಾವ, ಇದು ಅರವತ್ತರಲ್ಲೇ ಓಡ್ತಿದೆ” ಎಂದಾಗ ಅವನು ವಿದ್ಯುತ್ ಉಳಿತಾಯದ ಬಗ್ಗೆ ಮಾತನಾಡುತ್ತಾನೆ. ವಿಂಡೋಸ್ ಹೊಸ ಮಾನಿಟರನ್ನು ಹಲವು ವೇಳೆ 60 ಹರ್ಟ್ಸಿನಲ್ಲಿಯೇ ಆರಂಭಿಸುತ್ತದೆ. ಆದುದರಿಂದ ಕೊಂಡ ದಿನವೇ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟನ್ನು ಏರಿಸಿ, ಮಾನಿಟರಿನ ಸ್ವಂತ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್ ಆನ್ ಆಗಿದೆಯೇ ಎಂದು ಓದುಗರು ನೋಡಿಕೊಳ್ಳುವುದು ಒಳ್ಳೆಯದು.