ಡ್ರಿಲ್ ಮಷೀನಿನ ಮಹಾಶಯರಿಗೆ



ಕಳೆದ ಭಾನುವಾರ ನೀವು ಬಂಡೆಯ ಮೇಲೆ ಮಷೀನ್ ಗುರ್ರೆನ್ನಿಸುತ್ತಿದ್ದಾಗ, ಕೆಳಗೆ ಬಂಡೆ ಹತ್ತಲು ಹಗ್ಗ ಹೊತ್ತು, ತಲೆ ಮೇಲೆ ಕಲ್ಲಿನ ಪುಡಿ ಸುರಿಸಿಕೊಂಡು ನಿಂತಿದ್ದವನು ನಾನೇ. 'ಎಷ್ಟೊತ್ತಾಗುತ್ತೆ ಸ್ವಾಮಿ?' ಎಂದು ಕೂಗಿದೆ. 'ಹತ್ತೇ ನಿಮಿಷ ಸಾರ್, ಸೇಫ್ಟಿ ಕೆಲಸ' ಎಂದಿರಿ. ಬಿಸಿಲೇರಿ ಬಂಡೆ ದೋಸೆ ಹೆಂಚಿನ ಹಾಗಾಯಿತು. ನೀವು ಇಳಿಯಲಿಲ್ಲ, ನಾನು ಹತ್ತಲಿಲ್ಲ. ವಾಪಸು ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದದ್ದೊಂದೇ ಆ ದಿನದ ಸಾಧನೆ.

ಬಂಡೆಯ ಹೆಸರು ಬೇಡ. ರಾಮನಗರದ ಕಡೆಯದು ಎಂದರೆ ಸಾಕು, ಅಲ್ಲಿ ಗ್ರಾನೈಟಿಗೇನು ಬರವೇ?

ನಾವು ಅದನ್ನು ಹತ್ತುವ ರೂಟಿನ ನಡುವೆ ಒಂದು ಕ್ರ್ಯಾಕ್, ಅಂದರೆ ಬಿರುಕು, ಇದೆ, ಮಣಿಕಟ್ಟಿನವರೆಗೆ ಕೈ ಹೋಗುವಷ್ಟು ಅಗಲ. ಬಿರುಕಿಗೆ ಸಿಕ್ಕಿಸಿ ಹಗ್ಗ ಹಾಕಿಕೊಳ್ಳುವ ಕ್ಯಾಮ್ ಇಟ್ಟರೆ ಕಚ್ಚಿಕೊಳ್ಳುತ್ತದೆ, ಲಿವರ್ ಎಳೆದರೆ ಈಚೆ ಬರುತ್ತದೆ, ಬಂಡೆಗೆ ಗೊತ್ತೂ ಆಗುವುದಿಲ್ಲ. ಇಷ್ಟು ವರ್ಷ ಎಲ್ಲರೂ ಹಾಗೇ ಹತ್ತಿದರು. ಅದರಿಂದ ಒಂದು ಗೇಣು ದೂರಕ್ಕೆ ನೀವು ಬಂಡೆ ಕೊರೆದು ಬೋಲ್ಟ್ ಹೊಡೆದಿದ್ದೀರಿ. ಮೇಲೆ ಇನ್ನೊಂದು. ಈ ರೂಟನ್ನು ಮೊಟ್ಟಮೊದಲು ಹತ್ತಿದವರನ್ನು ಒಂದು ಮಾತು ಕೇಳಿದಿರಾ? ಬೆಂಗಳೂರಲ್ಲೇ ಇದ್ದಾರೆ, ಫೋನ್ ಮಾಡಿದರೆ ಎತ್ತುತ್ತಾರೆ.

ಅಮೆರಿಕದ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಮೇಲೆ 1965ರಲ್ಲಿ ಸ್ನೇಕ್ ಡೈಕ್ ರೂಟ್ ಮಾಡಿದವರು ತೀರಾ ಕಡಿಮೆ ಬೋಲ್ಟ್ ಹೊಡೆದಿದ್ದರು. ಆಮೇಲೆ ಬಂದವರು ಅವರ ಒಪ್ಪಿಗೆ ಪಡೆದೇ ಇನ್ನಷ್ಟು ಸೇರಿಸಿದರು. ಕೇಳಿದರೆ ಕೊಡುತ್ತಾರೆ ಸ್ವಾಮಿ. ಕ್ರ್ಯಾಕಿನ ಪಕ್ಕದಲ್ಲೇ ಹೊಡೆಯುವ ವಿದ್ಯೆಗೂ ದೊಡ್ಡ ಗುರುಗಳಿದ್ದಾರೆ ಅನ್ನಿ. 1970ರಲ್ಲಿ ಇಟಲಿಯ ಚೆಸಾರೆ ಮಾಯೆಸ್ತ್ರಿ ಪೆಟಗೋನಿಯಾದ ಸೆರ್ರೊ ತೊರ್ರೆ ಶಿಖರಕ್ಕೆ ಡ್ರಿಲ್ ಓಡಿಸುವ ಕಂಪ್ರೆಸರನ್ನೇ ಏರಿಸಿ 400ರಷ್ಟು ಬೋಲ್ಟ್ ಜಡಿದ. 2012ರಲ್ಲಿ ಇಬ್ಬರು ಹುಡುಗರು ಅದರಲ್ಲಿ ನೂರಕ್ಕೂ ಹೆಚ್ಚನ್ನು ಕಿತ್ತು ತಂದರು. ಕೆಳಗಿನ ಊರಲ್ಲಿ ಗಲಾಟೆಯಾಗಿ ಪೊಲೀಸರವರೆಗೂ ಹೋಯಿತು. ಹೊಡೆದವನಿಗೂ ಬೈಗುಳ, ಕಿತ್ತವರಿಗೂ ಬೈಗುಳ. ನಿಮ್ಮದು ಬರೀ ಬ್ಯಾಟರಿ ಮಷೀನು, ಅಷ್ಟು ಹೆಸರು ಬರುವುದು ಕಷ್ಟ.

ಬೋಲ್ಟ್ ಕಂಡರೆ ಉರಿದುಬೀಳುವ ಜಾತಿ ನನ್ನದಲ್ಲ. ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲಿ ಏನನ್ನೂ ಸಿಕ್ಕಿಸಲಾಗದ ಕಡೆ ಬೋಲ್ಟೇ ದಿಕ್ಕು. ನಾನೂ ಅವಕ್ಕೆ ನೇತಾಡಿದ್ದೇನೆ. ಆದರೆ ನೀವು ಸೇಫ್ಟಿ ಎಂದಿರಲ್ಲ, ಅದೇ ರೂಟಿನ ತುದಿಯಲ್ಲಿ ಇಳಿಯಲು ಹಗ್ಗ ಕಟ್ಟುವ ಎರಡು ಬೋಲ್ಟಿನ ಆಂಕರ್ ನೋಡಿದಿರಾ? ಒಂದು ಬೋಲ್ಟಿನ ತುಕ್ಕು ಬಂಡೆಯ ಮೇಲೆ ಮೊಳದುದ್ದ ಇಳಿದಿದೆ. ಇನ್ನೊಂದರ ಹ್ಯಾಂಗರ್ ಪಟ್ಟಿ ಬೆರಳಲ್ಲಿ ತಳ್ಳಿದರೆ ಗಿರಗಿರ ತಿರುಗುತ್ತದೆ. ಹಗ್ಗಕ್ಕೆ ಜೋತು ರಾಪೆಲ್ ಮಾಡಿ ಇಳಿಯುವವರೆಲ್ಲ ಈ ಎರಡನ್ನೇ ನಂಬಬೇಕು. ಬದಲಾಯಿಸ್ರಪ್ಪಾ ಎಂದು ಕಂಡಕಂಡವರಿಗೆ ಹೇಳಿ ನನ್ನ ಬಾಯಿ ಬತ್ತಿದೆ. ನೀವು ಡ್ರಿಲ್, ಸುತ್ತಿಗೆ, ಸ್ಪ್ಯಾನರ್ ಎಲ್ಲ ಹೊತ್ತು ಅಲ್ಲಿಗೇ ಹೋದಿರಿ. ಅದೇ ತುಕ್ಕು ಆಂಕರಿಗೆ ಹಗ್ಗ ಕಟ್ಟಿದಿರಿ. ಅದಕ್ಕೇ ನೇತುಬಿದ್ದು ಇಳಿದು, ಬೋಲ್ಟೇ ಬೇಡದ ಜಾಗದಲ್ಲಿ ಬೋಲ್ಟ್ ಹೊಡೆದಿರಿ! ಇದು ಸೇಫ್ಟಿ! ಕೈಯಲ್ಲಿ ಮಷೀನಿತ್ತಲ್ಲ ಮಾರಾಯರೇ, ಕಣ್ಣೆದುರಿಗೇ ಇತ್ತಲ್ಲ!

ಹೊಡೆದ ಬೋಲ್ಟಾದರೂ ಎಂಥದು? ನಿಮ್ಮ ಚೀಲದ ಪಕ್ಕ ಬಿದ್ದಿದ್ದ ಪೊಟ್ಟಣ ಓದಿದೆ, ಕಾಯುವವನಿಗೆ ಇನ್ನೇನು ಕೆಲಸ? ಹಾರ್ಡ್‌ವೇರ್ ಅಂಗಡಿಯ ಮಾಲು, ಸತು ಲೇಪನದ್ದು. ಗೋಡೆಗೆ ಏಸಿ ನೇತುಹಾಕಲು ಚೆನ್ನ. ಹತ್ತುವವನು ಬಿದ್ದಾಗ ಬೋಲ್ಟಿಗೆ ಅವನ ತೂಕದ ಎಷ್ಟೋ ಪಟ್ಟು ಜಗ್ಗು ಬೀಳುತ್ತದೆ; ಏಸಿ ಪಾಪ ಹತ್ತುವುದೂ ಇಲ್ಲ, ಬೀಳುವುದೂ ಇಲ್ಲ. ಒಂದೆರಡು ಮಳೆಗಾಲ ಕಳೆದರೆ ಕೆಳಗೂ ತುಕ್ಕು, ಮೇಲೂ ತುಕ್ಕು. ಸೇಫ್ಟಿ ಸಾರ್!

ಹೊಸಬರಿಗೆ ಅನುಕೂಲವಾಗಲಿ ಅಂತ ಮಾಡಿದೆ ಎನ್ನುತ್ತೀರಿ. ಹೊಸಬರೂ ಆ ಆಂಕರಿನಿಂದಲೇ ಇಳಿಯಬೇಕಲ್ಲವೇ?

ಮುಂದಿನ ವಾರ ಬರುವಾಗ 10 ಮಿಲಿಮೀಟರಿನ ಎರಡು ಬೋಲ್ಟು, ಹ್ಯಾಂಗರು, ಚೈನು ತನ್ನಿ. ದುಡ್ಡು ನಾನು ಕೊಡುತ್ತೇನೆ. ಬಿಲ್ಲಿನಲ್ಲಿ ಸ್ಟೇನ್‌ಲೆಸ್ ಎಂದು ಬರೆಸಿಕೊಂಡು ಬನ್ನಿ, ಬಾಯಿಮಾತು ನಂಬುವುದಿಲ್ಲ.

ಇತಿ,
ನಿಮ್ಮ ನಂತರ ಅದೇ ಆಂಕರಿಗೆ ನೇತುಬೀಳಬೇಕಾದವನು