ಲೂಸ್ ಕಾಂಟ್ಯಾಕ್ಟು

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅಪ್ಪ ಹೇಳುತ್ತಿದ್ದ ಕಾಯಿಲೆ ಒಂದೇ: ‘ಲೂಸ್ ಕಾಂಟ್ಯಾಕ್ಟು’. ರೇಡಿಯೊ ಗೊರಗುಟ್ಟಿದರೂ ಅದೇ, ಟ್ಯೂಬ್‌ಲೈಟು ಕಣ್ಣು ಮಿಟುಕಿಸಿದರೂ ಅದೇ. ಮದ್ದೂ ಒಂದೇ, ನೆತ್ತಿಗೊಂದು ಪೆಟ್ಟು. ಮದ್ದು ಮಕ್ಕಳಿಗೂ ನಡೆಯುತ್ತಿತ್ತು.

ಆ ಕಾಯಿಲೆ ಕಾರಿಗೂ ತಗುಲಿದ್ದು ಹೀಗೆ: ಭಾವಮೈದ ತನ್ನ ಹಳೆಯ ಮಾರುತಿ 800ರ ಕಾರ್ಬುರೇಟರ್ ಕಿತ್ತು, ಮೂರು ಸಿಲಿಂಡರಿಗೆ ಮೂರು ಇಂಜೆಕ್ಟರ್ ಕೂರಿಸಿ, ವಿದೇಶದಿಂದ ಇಸಿಯು ಎಂಬ ಎಂಜಿನ್ನಿನ ಮಿದುಳನ್ನು ತರಿಸಿದ. ಅದರ ಬೆಲೆಯನ್ನು ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದಾನೆ. ಕೈ ಬಿಗಿಹಿಡಿದದ್ದು ವೈರು ಜೋಡಿಸುವ ಕಪ್ಲರು, ಪಿನ್ನುಗಳಲ್ಲಿ.

ಏಪ್ರಿಲ್ ಮಧ್ಯಾಹ್ನ ಕಾರು ಕಪ್ಪು ಹೊಗೆ ಉಗುಳಿ ಕೂತಿತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕೂಲೆಂಟಿನ ಬಿಸಿ ಮೈನಸ್ 40! ಆ ಬಿಸಿ ಅಳೆಯುವ ಸೆನ್ಸರಿನ ರೆಸಿಸ್ಟೆನ್ಸು ಚಳಿ ಏರಿದಂತೆ ಏರುತ್ತದೆ; ವೈರೇ ಕಳಚಿದರೆ ಇಸಿಯು ಪಾಲಿಗೆ ಹಿಮಾಲಯ. ಪಾಪ, ಎಂಜಿನ್ನು ನಡುಗುತ್ತಿದೆಯೆಂದು ಪೆಟ್ರೋಲು ಸುರಿದದ್ದೇ ಸುರಿದದ್ದು. (ಮೈನಸ್ 40ರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ. ಅಳತೆ ಬದಲಿಸಿ ಸಮಾಧಾನಪಡಲೂ ದಾರಿಯಿಲ್ಲ.)

ವೈರಿಂಗ್ ಸಾಬರು ಕನ್ನಡಕ ಏರಿಸಿ ಪಿನ್ನು ನೋಡಿದರು. “ಕಟಿಂಗ್ ಪ್ಲೇಯರಲ್ಲಿ ಅಮುಕಿದ್ರಾ ಸಾರ್?” ಭಾವಮೈದ ಆಕಾಶ ನೋಡಿದ.

ಪಿನ್ನೆಂಬ ಆ ಪುಟ್ಟ ತಗಡಿಗೆ ಎರಡು ಜೊತೆ ಕಿವಿ. ಮುಂದಿನವು ತಾಮ್ರದ ಎಳೆಗಳನ್ನು ಕಚ್ಚಬೇಕು, ಹಿಂದಿನವು ಪ್ಲಾಸ್ಟಿಕ್ ಹೊದಿಕೆಯನ್ನು ತಬ್ಬಬೇಕು. ಕರೆಂಟಿನ ಕೆಲಸ ಮುಂದಿನವರದು, ಎಂಜಿನ್ನಿನ ಕುಲುಕಾಟ ತಡೆಯುವುದು ಹಿಂದಿನವರ ಪಾಲು. ಇವನು ನಾಲ್ಕನ್ನೂ ಚಟ್ನಿ ಮಾಡಿದ್ದ.

“ಬೆಸುಗೆ ಹಾಕಿಬಿಡಿ” ಅಂದೆ, ತಿಳಿದವನಂತೆ.

“ಬೆಸುಗೆ ಕುಡಿದ ವೈರು ಕಡ್ಡಿ ಆಗತ್ತೆ ಸಾರ್. ಗಾಡಿ ಅಲ್ಲಾಡ್ತಾ ಅಲ್ಲಾಡ್ತಾ, ಬೆಸುಗೆ ಮುಗಿಯೋ ಜಾಗದಲ್ಲೇ ಪಟ್ ಅನ್ನತ್ತೆ.”

ಹೆಡ್‌ಲೈಟಿನ ಪಿನ್ನು ಸಡಿಲವಾದರೆ ಬೆಳಕು ಮಂಕಾದೀತು. ಸೆನ್ಸರು ಮಾತಾಡುವುದೇ ಸೊನ್ನೆಯಿಂದ 5 ವೋಲ್ಟಿನೊಳಗೆ. ಅಲ್ಲಿ ಚೂರು ತೊದಲಿದರೂ ಅರ್ಥವೇ ಬೇರೆ.

ಹೊಸ ಕಪ್ಲರ್ ತರಲು ನನ್ನನ್ನೇ ಅಟ್ಟಿದರು. ಹೊರಗಿನ ಪ್ಲಾಸ್ಟಿಕ್ಕು ಹೆಣ್ಣಿನಂತೆ ಕಂಡರೆ ಒಳಗಿನ ಪಿನ್ನು ಗಂಡಾಗಿರಬಹುದೆಂದು ನನಗೇನು ಗೊತ್ತು? ತಂದ ಎರಡೂ ಗಂಡಿನ ಕಡೆಯವೇ. ಮದುವೆ ಮರುದಿನಕ್ಕೆ ಹೋಯಿತು.

ಮರುದಿನ ಸಾಬರು ಹೊಸ ಪಿನ್ನನ್ನು ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ವೈರು ಜಗ್ಗಿ ನೋಡಿ, ತಲೆಯಾಡಿಸಿದರು. ಕಾರು ಹೊಗೆ ನಿಲ್ಲಿಸಿತು. ಆಗ ಭಾವಮೈದನಿಗೆ ಇಂಜೆಕ್ಟರಿನ ಕಪ್ಲರುಗಳನ್ನೂ ಪರೀಕ್ಷಿಸುವ ಉತ್ಸಾಹ ಬಂತು. ಅವಕ್ಕೊಂದು ತಂತಿ ಕ್ಲಿಪ್ಪಿರುತ್ತದೆ, ಸ್ಕ್ರೂಡ್ರೈವರ್ ತಗುಲಿದರೆ ಸಾಕು, ಟಣ್! ಹಾರಿದ ಮೂರರಲ್ಲಿ ಎರಡು ಸಿಕ್ಕವು. ಮೂರನೆಯದನ್ನು ಅತ್ತೆ ಇವತ್ತಿಗೂ ತುಳಸಿಕಟ್ಟೆಯ ಸುತ್ತ ಹುಡುಕುತ್ತಿದ್ದಾರೆ, ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವವರು ಅವರೇ ತಾನೆ.