ಟಪ್ ಎಂದ ಕ್ಯಾಮೆರಾ

ಗಾಲ್ಫ್ ಪಂದ್ಯದಲ್ಲಿ ಹಗ್ಗದ ಈಚೆ ನಿಂತ ಪ್ರೇಕ್ಷಕರು ಫೋಟೋ ತೆಗೆಯಲು ತಕ್ಕ ಹೊತ್ತು ಒಂದೇ: ಕೋಲು ಚೆಂಡಿಗೆ ತಾಗಿದ ಮೇಲೆ. ಅದಕ್ಕೂ ಮುಂಚೆ ಗುಂಡಿ ಒತ್ತಿದರೆ ಆಟಗಾರ ಕೋಲು ಇಳಿಸಿ ದುರುಗುಟ್ಟುತ್ತಾನೆ, ಸ್ವಯಂಸೇವಕರು ಓಡಿಬರುತ್ತಾರೆ. ಎತ್ತಿದ ಕೋಲು ಚೆಂಡಿನವರೆಗೆ ಇಳಿಯಲು ಹಿಡಿಯುವುದು ಸುಮಾರು ಕಾಲು ಸೆಕೆಂಡು. ಆ ಗಳಿಗೆಯಲ್ಲಿ ಕಿವಿಗೆ ಬಿದ್ದ ಸಣ್ಣ ಸದ್ದೂ ಹೊಡೆತ ಕೆಡಿಸುತ್ತದೆಂಬುದು ಆಟಗಾರರ ವಾದ.

ಈ ನಿಯಮಕ್ಕೆ ಸಿಕ್ಕಿಬಿದ್ದದ್ದು ಹೊಳೆನರಸೀಪುರದ ಸ್ಟುಡಿಯೋವೊಂದರ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ. ಹಾಸನದಲ್ಲಿ ಎರಡು ಸಲ ರಿಪೇರಿಯಾಗಿ, ಬೆಂಗಳೂರಿನ ಪಂದ್ಯವೊಂದರಿಂದ ಹೊರಹಾಕಿಸಿಕೊಂಡು ಬಂದ ಅದನ್ನು ಸಂದರ್ಶಿಸಲಾಯಿತು. ಮೈಮೇಲೆ ಅರಿಶಿನದ ಕಲೆಯಿತ್ತು. ಲೆನ್ಸಿನ ಸಂದಿಯಲ್ಲಿ ಯಾವುದೋ ಮದುವೆಯ ಒಂದು ಅಕ್ಷತೆಕಾಳು.

"ನನ್ನ ಹೊಟ್ಟೆಯೊಳಗೆ ಕನ್ನಡಿ ಐತೆ ಸ್ವಾಮಿ. ಅದು ಏಳಬೇಕು, ಷಟರ್ ಸರೀಬೇಕು. ಟಪ್ ಅನ್ನದೆ ಹೆಂಗೆ? ತಾಳಿ ಕಟ್ಟುವಾಗ ನಾನು ಟಪ್ ಅನ್ನದಿದ್ರೆ ಮದುಮಗನೇ ತಿರುಗಿ ನೋಡ್ತಿದ್ದ, ಬಂತಾ ಅಂತ. ಈಗಿನ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಕಳ್ಳಬೆಕ್ಕು. ಅವು ತೆಗೆದ ಚಿತ್ರದಲ್ಲಿ ಕೋಲು ಬಾಳೆಕಾಯಿ ಹಂಗೆ ಬಾಗಿರ್ತದೆ."

ಬಾಗುವ ಮಾತು ಪೂರ್ತಿ ಸುಳ್ಳಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್‌ನಲ್ಲಿ ಹೆಚ್ಚಿನ ಸೆನ್ಸರ್‌ಗಳು ದೃಶ್ಯವನ್ನು ಸಾಲುಸಾಲಾಗಿ ಓದುತ್ತವೆ. ಅಷ್ಟರಲ್ಲಿ ಕೋಲು ಮುಂದೆ ಹೋಗಿರುತ್ತದೆ.

ಮೊಬೈಲ್ ಬಂದು ಸ್ಟುಡಿಯೋಗಳಿಗೆ ಬೀಗ ಬಿದ್ದದ್ದರ ಬಗ್ಗೆ ಕೇಳಿದಾಗ "ಅದು ಬಿಡಿ, ಟಪ್ ವಿಷಯಕ್ಕೆ ಬನ್ನಿ" ಎಂದಿತು. ಬಂದದ್ದು 2002ರ ಕಥೆಗೆ. ಕ್ಯಾಲಿಫೋರ್ನಿಯಾದ ಸ್ಕಿನ್ಸ್ ಗೇಮ್ ಎಂಬ ಗಾಲ್ಫ್ ಪಂದ್ಯದಲ್ಲಿ ಟೈಗರ್ ವುಡ್ಸ್ ಕೋಲು ಎತ್ತಿದಾಗ ಕ್ಯಾಮೆರಾವೊಂದು ಸದ್ದು ಮಾಡಿತು. ಅವರ ಕೋಲುಚೀಲ ಹೊರುವ ಕ್ಯಾಡಿ ಸ್ಟೀವ್ ವಿಲಿಯಮ್ಸ್ ಅದನ್ನು ಕಿತ್ತು ನೀರಿಗೆಸೆದರು. "ನಮ್ಮ ವಂಶದೋನು. ಕೆರೆ ಪಾಲಾದ."

ಕೆರೆಯಲ್ಲಿ ನೀರಿತ್ತೇ ಎಂಬುದು ಮುಂದಿನ ಪ್ರಶ್ನೆ. ಸಂದರ್ಶಕರು ಚನ್ನರಾಯಪಟ್ಟಣದ ಕಡೆಯವರೆಂದು ಇಲ್ಲಿ ಹೇಳಬೇಕಾಗುತ್ತದೆ. ಗೊರೂರಿನ ಹೇಮಾವತಿ ನೀರು ಅದೇ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದಲ್ಲಿ ತುಮಕೂರಿಗೆ ಹೋಗುತ್ತದೆ. ಸುರಂಗದ ಮೇಲಿನ ಕೆರೆಗಳ ಗತಿ ಏನು, ಗಾಲ್ಫ್ ಹುಲ್ಲಿಗೆ ದಿನಾ ಎಷ್ಟು ನೀರು ಎಂದು ಮೂರು ಬಗೆಯಲ್ಲಿ ಕೇಳಲಾಯಿತು. "ನಾನು ಕ್ಯಾಮೆರಾ, ನೀರಾವರಿ ಇಂಜಿನಿಯರಲ್ಲ" ಎಂಬುದು ಮೂರಕ್ಕೂ ಉತ್ತರ.

ಅಮೆರಿಕದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಗಾಲ್ಫ್ ಪಂದ್ಯದ ಕಟ್ಟಳೆ ಇನ್ನೂ ಬಿಗಿ. ಪ್ರೇಕ್ಷಕರ ಕ್ಯಾಮೆರಾಗೆ ಅಭ್ಯಾಸದ ದಿನಗಳಲ್ಲಿ ಮಾತ್ರ ಪ್ರವೇಶ. ಮೊಬೈಲ್‌ಗೆ ಯಾವ ದಿನವೂ ಇಲ್ಲ. ಇದನ್ನು ಕೇಳಿ ಕ್ಯಾಮೆರಾ ಆ ದಿನ ಮೊದಲ ಸಲ ನಕ್ಕಿತು.

ಚೆಂಡಿನ ತೂಕ ಎಷ್ಟೆಂದು ಅದೇ ಕೇಳಿತು. ಹೆಚ್ಚೆಂದರೆ 45.93 ಗ್ರಾಂ ಎಂದಾಗ ನಗು ನಿಂತಿತು.

"ಅಷ್ಟಕ್ಕೆ ಸಾವಿರ ಜನ ಉಸಿರು ಬಿಗಿಹಿಡಿದು ನಿಲ್ತಾರೆ. ಅರಕಲಗೂಡು ಕಡೆ ಕಾಡಾನೆ ಗದ್ದೆಗೆ ಇಳಿದ್ರೆ? ಸಿಳ್ಳೆ, ಕೇಕೆ, ಅಟ್ಟಿಸ್ಕೊಂಡು ಹೋಗಿ ವಿಡಿಯೋ. ಮರಿ ಬೆದರಿ ತಾಯಿ ತಿರುಗಿದ್ರೆ ಆನೆಗೆ ಹುಚ್ಚು ಅಂತಾರೆ. ಸಾಕಾನೆ ಅರ್ಜುನ ಮೈಸೂರಲ್ಲಿ ಎಂಟು ದಸರೆ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ಕ್ಕೆ ಯಸಳೂರಿನ ಹತ್ರ ಕಾಡಾನೆ ಹಿಡಿಯೋ ಕೆಲಸದಲ್ಲಿ ಸತ್ತ. ಅವನ ಹೆಣದ ಚಿತ್ರಾನ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ರು. ಅಲ್ಲಿ ಸದ್ದು ಮಾಡಬೇಡಿ ಅನ್ನೋರು ಯಾರು?"

ನೀರಿನ ಪ್ರಶ್ನೆ ಇನ್ನೊಂದು ಬಾಕಿ ಇತ್ತು, ಕೇಳಲಿಲ್ಲ. ಸಂದರ್ಶನದ ಜೊತೆಗೆ ಕ್ಯಾಮೆರಾದ ಫೋಟೋ ಬೇಕಿತ್ತು. ಸಂದರ್ಶಕರು ಜೇಬಿನಿಂದ ಮೊಬೈಲ್ ತೆಗೆದರು.